ಕನ್ನಡದಲ್ಲಿ ಕೇಳಿಸಿಕೊಳ್ಳುವವರು: ಬೆಂಗಳೂರಿನ ಆಪ್ತಸಮಾಲೋಚನೆ ಸೇವೆಗಳ ಕುರಿತು

ತಂದೆಯವರು ತೀರಿಕೊಂಡ ಏಳು ತಿಂಗಳ ನಂತರ ನನಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಎದೆ ಬಿಗಿಹಿಡಿದಂತಾಗುವುದು ಆರಂಭವಾಯಿತು. ಇಸಿಜಿ, ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ಪರೀಕ್ಷಿಸಿದ ನಮ್ಮ ಬಡಾವಣೆಯ ವೈದ್ಯರು ಯಾವುದರಲ್ಲಿಯೂ ದೋಷವಿಲ್ಲವೆಂದು ಹೇಳಿ, ಚೀಟಿಯ ಕೊನೆಯಲ್ಲಿ "ಕೌನ್ಸೆಲಿಂಗ್" ಎಂಬ ಒಂದೇ ಪದವನ್ನು ಬರೆದುಕೊಟ್ಟರು. ಯಾರ ಬಳಿಗೆ ಹೋಗಬೇಕು, ಎಷ್ಟು ಸಲ ಹೋಗಬೇಕು, ಎಷ್ಟು ಖರ್ಚಾದೀತು ಎಂಬುದನ್ನು ಅವರು ಬರೆಯಲಿಲ್ಲ. ಆ ಒಂದು ಪದದ ಬೆನ್ನುಹತ್ತಿ ನಾನು ಬೆಂಗಳೂರಿನಲ್ಲಿ ಕಳೆದ ಸುಮಾರು ಒಂದು ವರ್ಷದ ವಿಮರ್ಶೆ ಇದು. ಎರಡು ಕಡೆ ನನಗೆ ಸರಿಹೊಂದಲಿಲ್ಲ, ಮೂರನೆಯ ಕಡೆ ಹೊಂದಿತು. ಆ ಮೂರನೆಯವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅವರದೇ ಕೋರಿಕೆ. ನನಗೆ ಹೊಂದಿದವರು ಓದುಗರಿಗೂ ಹೊಂದುತ್ತಾರೆಂಬ ಭರವಸೆಯೂ ನನಗಿಲ್ಲ.

ಹುಡುಕಾಟಕ್ಕಿಂತ ಮುಂಚೆಯೇ ಒಂದು ಅಡ್ಡಿ ಎದುರಾಯಿತು. ಬೆಂಗಳೂರಿನ ಮನೆಗಳಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಎಂದು ನಗುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರಲ್ಲಿ ರೂಪುಗೊಂಡ, ದೇಶದಾದ್ಯಂತದ ವೈದ್ಯರು ಬಂದು ಕಲಿಯುವ ಸಂಸ್ಥೆಯೊಂದು ಅದೇ ಊರಿನವರ ಬಾಯಲ್ಲಿ ಬೈಗುಳವಾಗಿ ಉಳಿದಿರುವುದು ವಿಪರ್ಯಾಸವೇ ಸರಿ. ನಾನೂ ಆ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಹಾಗಾಗಿ ಮೊದಲ ಸಲ ಫೋನಿನಲ್ಲಿ ಸಮಯ ನಿಗದಿಪಡಿಸಿಕೊಳ್ಳುವಾಗ ಮನೆಯ ಮಹಡಿಗೆ ಹೋಗಿ, ಬಟ್ಟೆ ಒಣಗಿಸುವ ನೆಪದಲ್ಲಿ ಮಾತನಾಡಿದೆ.

ಮೊದಲನೆಯದು ಮೊಬೈಲ್ ಆಪ್ ಮೂಲಕ ದೊರೆಯುವ ಸೇವೆ. ಪ್ರಶ್ನಾವಳಿಯೊಂದನ್ನು ತುಂಬಿದ ಹತ್ತು ನಿಮಿಷಗಳಲ್ಲಿ "ನಿಮಗೆ ಸೂಕ್ತರಾದವರು" ಎಂದು ಒಬ್ಬರ ಭಾವಚಿತ್ರ ಬಂತು. ಅವರು ಬೇರೆ ರಾಜ್ಯದವರು, ವಿನಯವಂತರು, ವಿದ್ಯಾವಂತರು; ಮಾತುಕತೆ ಇಂಗ್ಲಿಷಿನಲ್ಲಿ ನಡೆಯಿತು. ಇಪ್ಪತ್ತು ವರ್ಷಗಳಿಂದ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸುವ ನನಗೆ ಅದು ತೊಡಕೆನಿಸಲಿಲ್ಲ, ತೊಡಕೆನಿಸಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ನಾಲ್ಕು ಸೆಷನ್‌ಗಳಲ್ಲಿ ನನ್ನ ದುಃಖವನ್ನು ನಾನು ಕಚೇರಿಯ ವರದಿಯ ಹಾಗೆ ಮಂಡಿಸಿದೆ: ತಂದೆಯ ಕಾಯಿಲೆ, ಎರಡು ವರ್ಷದ ಆರೈಕೆ, ಆಸ್ಪತ್ರೆಯ ಕೊನೆಯ ಹನ್ನೊಂದು ದಿನಗಳು. ಎಲ್ಲವೂ ಅಚ್ಚುಕಟ್ಟಾಗಿತ್ತು, ಒಂದು ಸಲವೂ ಗಂಟಲು ಕಟ್ಟಲಿಲ್ಲ. ಅವರು "ನಿಮ್ಮಲ್ಲಿ ಒಳ್ಳೆಯ ಅರಿವಿದೆ" ಎಂದು ಮೆಚ್ಚಿದರು. ರಾತ್ರಿ ಮೂರು ಗಂಟೆಯ ಎಚ್ಚರ ಮಾತ್ರ ಹಾಗೆಯೇ ಮುಂದುವರಿಯಿತು. ಐದನೆಯ ಸೆಷನ್‌ಗೆ ಮುಂಚೆ ಅವರು ಆ ಸಂಸ್ಥೆಯನ್ನು ಬಿಟ್ಟಿದ್ದಾರೆಂಬ ಸಂದೇಶ ಬಂತು. ಅದರ ಜೊತೆಗೇ ಇನ್ನೊಬ್ಬರ ಭಾವಚಿತ್ರ. ಮುಂಗಡ ಪಾವತಿಸಿದ್ದ ಎರಡು ಸೆಷನ್‌ಗಳ ಹಣವನ್ನು ಹಿಂಪಡೆಯಲು ನಾನು ಬರೆದ ಮಿಂಚಂಚೆಗಳ ಸಂಖ್ಯೆ ಸೆಷನ್‌ಗಳ ಸಂಖ್ಯೆಗಿಂತ ಹೆಚ್ಚು.

ಎರಡನೆಯವರು ಕನ್ನಡದವರೇ, ಹಿರಿಯರು, ಪರಿಚಿತರೊಬ್ಬರು ಶಿಫಾರಸು ಮಾಡಿದವರು. ಅವರು ಹತ್ತು ನಿಮಿಷ ಕೇಳಿಸಿಕೊಂಡು ಮೂವತ್ತು ನಿಮಿಷ ಮಾತನಾಡಿದರು. ಹುಟ್ಟಿದವರು ಸಾಯಲೇಬೇಕು, ಗಂಡ ಮಕ್ಕಳ ಕಡೆಗೆ ಗಮನ ಕೊಡಿ, ಬೆಳಿಗ್ಗೆ ಪ್ರಾಣಾಯಾಮ ಮಾಡಿ ಎಂದರು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಉಚಿತವಾಗಿ ಹೇಳಿದ ಮಾತುಗಳನ್ನೇ ಕೇಳಲು ನಾನು ಸಾವಿರ ರೂಪಾಯಿ ಕೊಟ್ಟು ಹೋಗಬೇಕಾಗಿರಲಿಲ್ಲ. ಅವರ ಗೋಡೆಯ ಮೇಲೆ ಹಲವು ಪ್ರಮಾಣಪತ್ರಗಳು ಇದ್ದವು. ಹೊರಡುವಾಗ ಹತ್ತಿರದಿಂದ ನೋಡಿದರೆ ಬಹುಪಾಲು ಎರಡು ಮೂರು ದಿನಗಳ ಕಾರ್ಯಾಗಾರಗಳವು.

ಇಲ್ಲಿ ಓದುಗರಿಗೆ ನಿಜವಾಗಿ ಉಪಯೋಗವಾಗುವ ವಿಷಯವೊಂದನ್ನು ಹೇಳಬೇಕು, ಏಕೆಂದರೆ ನನಗೆ ಅದು ಎರಡು ಸಲ ಎಡವಿದ ಮೇಲೆ ತಿಳಿಯಿತು. ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ಔಷಧಿ ಬರೆದುಕೊಡುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಅದಕ್ಕೆಂದೇ ಇರುವ ತರಬೇತಿ, ಸಾಮಾನ್ಯವಾಗಿ ಎಂ.ಫಿಲ್., ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆ ನೋಂದಣಿ ಸಂಖ್ಯೆಯನ್ನು ಯಾರು ಬೇಕಾದರೂ ಕೇಳಬಹುದು, ಕೇಳಿದರೆ ಯೋಗ್ಯರು ಬೇಸರಿಸುವುದಿಲ್ಲ. ಆದರೆ "ಕೌನ್ಸೆಲರ್" ಎಂಬ ಫಲಕದ ಹಿಂದೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ಹಿರಿಯರ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇರಬಹುದು, ವಾರಾಂತ್ಯದ ತರಗತಿಗೆ ಹೋಗಿ ಬಂದವರೂ ಇರಬಹುದು. ಆರೋಗ್ಯ ಸಂಬಂಧಿ ವೃತ್ತಿಗಳನ್ನು ಒಂದು ಚೌಕಟ್ಟಿಗೆ ತರಲು 2021ರಲ್ಲಿ ಸಂಸತ್ತು ಕಾಯ್ದೆಯೊಂದನ್ನು ಮಾಡಿದೆ; ಆದರೂ ಇವತ್ತಿಗೆ ಬಾಗಿಲು ತಟ್ಟುವ ಮುನ್ನ ವಿಚಾರಿಸುವ ಹೊಣೆ ನಮ್ಮದೇ.

ಮೂರನೆಯವರು ಸಿಗುವ ಮುಂಚಿನ ವಾರಗಳಲ್ಲಿ ಒಂದು ರಾತ್ರಿ 14416ಕ್ಕೆ ಕರೆ ಮಾಡಿದ್ದೆ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದದ್ದು. ಇದರ ಹಿಂದಿನ ಮುಖ್ಯ ಸಂಸ್ಥೆ ನಿಮ್ಹಾನ್ಸ್. ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನು ಆರಿಸಿಕೊಳ್ಳಬಹುದು. ಆ ಹೊತ್ತಿನಲ್ಲಿ ಎಚ್ಚರವಾಗಿರುವ ಒಬ್ಬ ಮನುಷ್ಯರ ದನಿ ಕೇಳಿಸಿದ್ದೇ ನನಗೆ ದೊಡ್ಡದಾಗಿತ್ತು. ಸಹಾಯವಾಣಿಯ ಉದ್ದೇಶ ಆ ರಾತ್ರಿಯನ್ನು ದಾಟಿಸುವುದು ಮತ್ತು ಮುಂದಿನ ದಾರಿ ತೋರಿಸುವುದು. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯ ಬದಲಿಗೆ ಅದನ್ನು ಇಟ್ಟುಕೊಳ್ಳಲಾಗದು. ಮರುವಾರವೇ ನಾನು ಮೂರನೆಯವರಿಗೆ ಫೋನ್ ಮಾಡಿದೆ.

ಅವರ ಕೋಣೆ ದಕ್ಷಿಣ ಬೆಂಗಳೂರಿನ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿದೆ. ಮೊದಲ ಭೇಟಿಯಲ್ಲಿ ಅವರು ಗೋಪ್ಯತೆಯ ಬಗ್ಗೆ ಸ್ಪಷ್ಟವಾಗಿ ಹೇಳಿದರು: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ನನ್ನ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದೆ ಎನ್ನಿಸಿದಾಗ ಮಾತ್ರ ಅದಕ್ಕೆ ವಿನಾಯಿತಿ. ಐವತ್ತು ನಿಮಿಷಕ್ಕೆ ಸಾವಿರದ ಇನ್ನೂರು ರೂಪಾಯಿ, ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಅರ್ಧ ಫೀಸು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತು: "ಮನೆಯಲ್ಲಿ ಜಗಳ ಆಡುವಾಗ ಯಾವ ಭಾಷೆಯಲ್ಲಿ ಆಡ್ತೀರಿ?" ಕನ್ನಡದಲ್ಲಿ ಎಂದೆ. "ಹಾಗಾದರೆ ಇಲ್ಲಿಯೂ ಕನ್ನಡವೇ ಇರಲಿ" ಎಂದರು.

ಆ ಪ್ರಶ್ನೆಯ ಬೆಲೆ ನಾಲ್ಕನೆಯ ಸೆಷನ್‌ನಲ್ಲಿ ತಿಳಿಯಿತು. ನಮ್ಮ ಮನೆಯಲ್ಲಿ ತಂದೆಯವರನ್ನು ಬಹುವಚನದಲ್ಲಿಯೇ ಮಾತನಾಡಿಸುವುದು ರೂಢಿ. ಅವರು ಬಂದರು, ಅವರು ಊಟ ಮಾಡಿದರು ಎಂದಲ್ಲದೆ ಬೇರೆ ರೀತಿಯಲ್ಲಿ ನಾನು ಎಂದೂ ಹೇಳಿದವಳಲ್ಲ. ಆ ದಿನ ಆಸ್ಪತ್ರೆಯ ಒಂದು ಸಂಜೆಯನ್ನು, ಅವರು ಗಂಜಿಯ ಬಟ್ಟಲನ್ನು ತಳ್ಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ವಿವರಿಸುತ್ತಾ "ಎಷ್ಟು ಬೇಡಿಕೊಂಡರೂ ಕೇಳಲಿಲ್ಲ ಅವನು" ಎಂದುಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು "ಈಗ 'ಅವನು' ಅಂದಿರಿ, ಗಮನಿಸಿದಿರಾ?" ಎಂದು ಕೇಳಿದರು. ನಾನು ಗಾಬರಿಯಾಗಿ "ತಪ್ಪಾಯ್ತು ಮೇಡಂ" ಎಂದೆ. "ನನ್ನ ಹತ್ತಿರ ಯಾಕೆ ತಪ್ಪು ಒಪ್ಪಿಕೊಳ್ತೀರಿ? ಆ ಸಿಟ್ಟು ಎಷ್ಟು ದಿನದಿಂದ ಇದೆ ಹೇಳಿ" ಎಂದರು. ಅಷ್ಟು ತಿಂಗಳುಗಳಿಂದ ದುಃಖ ಎಂದು ಹೆಸರಿಟ್ಟುಕೊಂಡಿದ್ದರ ಅರ್ಧಭಾಗ ಸಿಟ್ಟು ಎಂಬುದು, ಸತ್ತವರ ಮೇಲೆ ಸಿಟ್ಟಾಗಬಾರದೆಂದು ಅದನ್ನು ಎದೆಯೊಳಗೆ ಒತ್ತಿಟ್ಟಿದ್ದೆ ಎಂಬುದು ಆ ಒಂದು ಸರ್ವನಾಮದಿಂದ ಹೊರಬಿತ್ತು. ಇಂಗ್ಲಿಷಿನಲ್ಲಿ ತಂದೆಗೂ ತರಕಾರಿಯವನಿಗೂ ಒಂದೇ ಸರ್ವನಾಮ. ಅಲ್ಲಿ ನಾನು ನೂರು ಸಲ ಅದನ್ನು ಬಳಸಿದ್ದೆ, ಗಮನಿಸಲು ಏನೂ ಇರಲಿಲ್ಲ. "ಸಂಕಟ" ಎಂಬ ಪದವೂ ಹಾಗೆಯೇ. ಅದು ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು, ಮತ್ತು ನನಗೆ ಆಗುತ್ತಿದ್ದದ್ದು ಎರಡೂ ಆಗಿತ್ತು.

ಅಳುವುದಷ್ಟೇ ಚಿಕಿತ್ಸೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ಪದ್ಧತಿಯೊಂದರ ಅಂಶಗಳನ್ನು ಮೂರನೆಯವರು ಬಳಸಿದರು. "ಒಂದು ದಿನ ಮುಂಚೆ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರು" ಎಂಬ ನನ್ನ ವಾಕ್ಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಅದರ ಪರವಾಗಿ ಏನು ಸಾಕ್ಷ್ಯವಿದೆ, ವಿರುದ್ಧವಾಗಿ ಏನಿದೆ ಎಂದು ಎರಡು ಕಾಲಂ ಮಾಡಿಸಿದರು. ಲೆಕ್ಕಪತ್ರ ನೋಡುವುದೇ ವೃತ್ತಿಯಾದ ನನಗೆ ಈ ಜಮಾ ಖರ್ಚಿನ ಕ್ರಮ ಒಪ್ಪಿತವಾಯಿತು. ವಿರುದ್ಧದ ಕಾಲಂ ಉದ್ದವಾದದ್ದನ್ನು ನನ್ನ ಕೈಯಿಂದಲೇ ಬರೆದು ನೋಡಬೇಕಾಗಿತ್ತು. ರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆಯಿಂದ ಎದ್ದುಬಿಡಬೇಕು, ಹೊರಳಾಡುತ್ತಾ ಮಲಗಿರಬಾರದು ಎಂಬ ಸರಳ ನಿಯಮವೂ ಕೆಲಸ ಮಾಡಿತು. ಆರನೆಯ ವಾರಕ್ಕೂ ನಿದ್ದೆ ಪೂರ್ತಿ ಸರಿಹೋಗದಿದ್ದಾಗ ಅವರೇ ನನ್ನನ್ನು ಮನೋವೈದ್ಯರೊಬ್ಬರ ಬಳಿ ಕಳುಹಿಸಿದರು, ಮೂರು ತಿಂಗಳು ಸಣ್ಣ ಪ್ರಮಾಣದ ಮಾತ್ರೆ ತೆಗೆದುಕೊಂಡೆ. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದಿರುವುದನ್ನು ನಾನು ಅವರ ಯೋಗ್ಯತೆಯ ದೊಡ್ಡ ಗುರುತೆಂದು ಎಣಿಸುತ್ತೇನೆ.

ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಚಿಕಿತ್ಸಕರು ಮತ್ತು ಬಂದವರ ನಡುವಿನ ಮೈತ್ರಿಗೆ ಮೂರು ಅಂಗಗಳನ್ನು ಹೇಳಿದ್ದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ ಮತ್ತು ಪರಸ್ಪರ ವಿಶ್ವಾಸ. ಆಪ್‌ನವರ ಬಳಿ ವಿಶ್ವಾಸ ಬೆಳೆಯುವಷ್ಟರಲ್ಲಿ ಮನುಷ್ಯರೇ ಬದಲಾದರು. ಹಿರಿಯರ ಬಳಿ ಗುರಿಯನ್ನು ಅವರೇ ನಿಶ್ಚಯಿಸಿಬಿಟ್ಟಿದ್ದರು. ಮೂರನೆಯವರು ಎರಡನೆಯ ಭೇಟಿಯಲ್ಲೇ "ಏನಾದರೆ ಇದು ಮುಗಿಯಿತು ಅಂತ ನಿಮಗೆ ಅನ್ನಿಸುತ್ತೆ?" ಎಂದು ಕೇಳಿ, ನನ್ನ ಉತ್ತರವನ್ನು ನನ್ನ ಮಾತಿನಲ್ಲೇ ಬರೆದುಕೊಂಡಿದ್ದರು. ಹದಿನಾಲ್ಕನೆಯ ಸೆಷನ್‌ನಲ್ಲಿ ಆ ಹಾಳೆಯನ್ನು ತೆಗೆದು ಓದಿದರು, ಆಮೇಲೆ ವಾರಕ್ಕೊಮ್ಮೆಯ ಭೇಟಿ ಎರಡು ತಿಂಗಳಿಗೊಮ್ಮೆಯಾಯಿತು.

ಕೊರತೆಗಳೂ ಇವೆ. ಮೊದಲ ಭೇಟಿಗೆ ಮೂರು ವಾರ ಕಾಯಬೇಕಾಯಿತು, ಭಾನುವಾರ ಸಮಯವಿಲ್ಲ. ಲಿಫ್ಟ್ ಇಲ್ಲದ ಕಾರಣ ಮಂಡಿನೋವಿನವರಿಗೆ ಆ ಕಡಿದಾದ ಮೆಟ್ಟಿಲು ಕಷ್ಟ. ಕಾಯುವ ಬೆಂಚು ಮತ್ತು ಕೋಣೆಯ ನಡುವೆ ಒಂದೇ ಬಾಗಿಲು ಇರುವುದರಿಂದ ಒಳಗಿನ ದನಿ ಏರಿದರೆ ಹೊರಗೆ ಕೇಳಿಸುತ್ತದೆ. ನಾನು ಇದನ್ನು ಹೇಳಿದ ಮೇಲೆ ಅಲ್ಲಿ ಸದ್ದು ಮಾಡುವ ಹಳೆಯ ಫ್ಯಾನೊಂದು ಬಂದಿದೆ. ಮಾನಸಿಕ ಅನಾರೋಗ್ಯಕ್ಕೂ ದೈಹಿಕ ಅನಾರೋಗ್ಯದಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ, ಆದರೆ ನನ್ನ ಪಾಲಿಸಿಯಲ್ಲಿ ಹೊರರೋಗಿ ಖರ್ಚೇ ಸೇರಿಲ್ಲದ್ದರಿಂದ ಒಟ್ಟು ಇಪ್ಪತ್ತು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ತಮ್ಮನೊಡನೆ ಇರುವ ತೆಂಗಿನ ತೋಟದ ವ್ಯಾಜ್ಯ ಇದರಿಂದ ಬಗೆಹರಿಯಲಿಲ್ಲ, ಬಗೆಹರಿಯಬೇಕೆಂದು ನಾನು ಹೋಗಿರಲೂ ಇಲ್ಲ.

ಈ ಮೊತ್ತ ಭರಿಸಲಾಗದವರಿಗೆ ದಾರಿಯೇ ಇಲ್ಲವೆಂದಲ್ಲ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದ ಡಾ. ಸಿ.ಆರ್. ಚಂದ್ರಶೇಖರ್ ಅವರು ಆರಂಭಿಸಿದ "ಸಮಾಧಾನ" ಕೇಂದ್ರದಲ್ಲಿ ಆಪ್ತಸಲಹೆ ಉಚಿತ. ಬೆಂಗಳೂರಿನಿಂದ ದೂರವಿರುವವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಈ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಆರಂಭವಾದದ್ದು ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲೇ. ನನ್ನ ತಮ್ಮ ಇರುವುದು ತಿಪಟೂರಿನಲ್ಲಿ. ಅಪ್ಪನ ವಿಷಯ ಬಂದರೆ ಅವನು ಈಗಲೂ ಫೋನ್ ಇಟ್ಟುಬಿಡುತ್ತಾನೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ, ತೋಟದ ಕಾಗದಪತ್ರಗಳ ಜೊತೆಗೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಕಳುಹಿಸಿದ್ದೇನೆ.