ಪರದೆಯೋ, ಬರಿ ಕಿಟಕಿಯೋ?

ಅದೇ ಕಿಟಕಿ, ಅದೇ 50 ಎಂಎಂ ಲೆನ್ಸ್, ಅದೇ ಕುರ್ಚಿಯಲ್ಲಿ ಅಜ್ಜಿ. ಬೆಳಕನ್ನಷ್ಟೇ ಬದಲಿಸುತ್ತಾ ಮೂರು ದಿನ ಫೋಟೊ ತೆಗೆದೆ. ಎರಡನೇ ದಿನಕ್ಕೇ ಅಜ್ಜಿಗೆ ಸಾಕಾಗಿತ್ತು.

ಮೊದಲು ಪರದೆ ಪೂರ್ತಿ ಸರಿಸಿ, ನೇರ ಬಿಸಿಲಿಗೆ ಕೂರಿಸಿದೆ. ಒಂದು ಕೆನ್ನೆ ಬೆಳ್ಳಗೆ ಸುಟ್ಟುಹೋಯಿತು, ಇನ್ನೊಂದು ಕತ್ತಲಲ್ಲಿ ಮುಳುಗಿತು, ಮೂಗಿನ ನೆರಳು ಬ್ಲೇಡಿನಲ್ಲಿ ಕೊರೆದಂತೆ ತುಟಿಯ ಮೇಲೆ ಬಿತ್ತು. ಸೂರ್ಯ ಎಷ್ಟೇ ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಅಗಲ. ಬೆಳಕಿನ ಮೂಲ ಚಿಕ್ಕದಾಗಿ ಕಂಡಷ್ಟೂ ನೆರಳಿನ ಅಂಚು ಹರಿತ.

ತೆಳು ಬಿಳಿ ಪರದೆ ಎಳೆದೆ. ಈಗ ಪರದೆಯೇ ದೀಪ. ಮುಖ ಮೃದುವಾಯಿತು, ಆದರೆ ಬೆಳಕು ಕುಗ್ಗಿದ್ದರಿಂದ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ 100 ಇದ್ದ ಐಎಸ್‌ಒ 400ಕ್ಕೆ ಏರಿತು. ಅಂದ ಹಾಗೆ, ಪರದೆ ಅಚ್ಚ ಬಿಳಿಯೇ ಇರಲಿ. ಕೆನೆ ಬಣ್ಣದ್ದನ್ನು ಹಾಕಿ ನೋಡಿದಾಗ ಅಜ್ಜಿಗೆ ಕಾಮಾಲೆ ಬಂದಂತಿತ್ತು!

ಸೂರ್ಯ ಮನೆಯ ಇನ್ನೊಂದು ಬದಿಗೆ ಹೋದ ಮೇಲೆ, ಪರದೆಯಿಲ್ಲದೆ ಬರಿ ಆಕಾಶದ ಬೆಳಕಿನಲ್ಲಿ ತೆಗೆದದ್ದು ಮೂರನೆಯದು. ನನ್ನ ಮತ ಇದಕ್ಕೇ. ಮೃದುವೂ ಹೌದು, ಮುಖದ ಏರುತಗ್ಗೂ ಅಳಿಸಿಹೋಗಿಲ್ಲ. ನೀಲಿ ಛಾಯೆ ಇತ್ತು, ಕ್ಯಾಮೆರಾದಲ್ಲಿ ಬಣ್ಣದ ಛಾಯೆ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅನ್ನು 'ಶೇಡ್'ಗೆ ಇಟ್ಟಾಗ ಹೋಯಿತು.

ನಾನು ಎಡವಿದ್ದು ದೂರದ ವಿಷಯದಲ್ಲಿ. ಅಜ್ಜಿಯ ಕುರ್ಚಿಯನ್ನು ಕಿಟಕಿಯಿಂದ ಹಿಂದೆ ಸರಿಸಿದರೆ ಬೆಳಕು ಮೆತ್ತಗಾಗುತ್ತದೆ ಎಂದುಕೊಂಡಿದ್ದೆ. ಆಗುವುದು ಉಲ್ಟಾ. ಅರ್ಧ ಮೀಟರಿನಲ್ಲಿ ಕಿಟಕಿ ದೊಡ್ಡದಾಗಿ ಕಾಣುತ್ತದೆ, ನೆರಳು ಕರಗುತ್ತದೆ, ಹಿಂದಿನ ಗೋಡೆ ತಾನಾಗಿಯೇ ಕಪ್ಪಾಗುತ್ತದೆ. ಎರಡೂವರೆ ಮೀಟರಿನಲ್ಲಿ ಕಿಟಕಿ ಪುಟ್ಟದು, ನೆರಳು ಗಟ್ಟಿ. ಆದರೆ ಮುಖಕ್ಕೂ ಗೋಡೆಗೂ ಬೆಳಕಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರನ್ನು ಅಕ್ಕಪಕ್ಕ ಕೂರಿಸುವುದಾದರೆ ಈ ದೂರವೇ ವಾಸಿ, ಇಲ್ಲದಿದ್ದರೆ ಕಿಟಕಿ ಪಕ್ಕದವರಷ್ಟೇ ಬೆಳಗುತ್ತಾರೆ.

ಕತ್ತಲ ಕೆನ್ನೆಗೆ ಕಿಟಕಿಯ ಬೆಳಕನ್ನೇ ಪ್ರತಿಫಲಿಸುವ ಬಿಳಿ ಥರ್ಮೊಕೋಲ್ ಹಲಗೆಯೋ, ಕೋಣೆಯ ದೀಪವೋ? ಹಲಗೆಯೇ. ಬಲ್ಬ್ ಹಾಕಿದರೆ ಮುಖ ಅರ್ಧ ನೀಲಿ, ಅರ್ಧ ಕಿತ್ತಳೆ; ಅದನ್ನು ಸರಿಪಡಿಸಲು ಕಂಪ್ಯೂಟರಿನಲ್ಲಿ ಒಂದು ಸಂಜೆ ಕಳೆದು ಸೋತೆ. ಹಲಗೆಯನ್ನೂ ತೀರಾ ಹತ್ತಿರ ಹಿಡಿದರೆ ಮುಖ ಪಾಸ್‌ಪೋರ್ಟ್ ಫೋಟೊದಂತೆ ಚಪ್ಪಟೆ.

ಸೋತ ನೇರ ಬಿಸಿಲು ಒಂದು ಕಡೆ ಮಾತ್ರ ಗೆದ್ದಿತು. ಅಜ್ಜಿಯ ಅಂಗೈಯನ್ನಷ್ಟೇ ಓರೆ ಬಿಸಿಲಿಗೆ ಹಿಡಿದಾಗ ಒಂದೊಂದು ಗೆರೆಯೂ ಎದ್ದು ನಿಂತಿತು. ಪರದೆ ಎಳೆದು ತೆಗೆದ ಅದೇ ಅಂಗೈ ಇಸ್ತ್ರಿ ಮಾಡಿದ ಬಟ್ಟೆಯಂತಿದೆ.