ಜರ್ಮನ್ ಕಲಿಯಲು ಯಾವ ಆ್ಯಪ್? ಹದಿನಾಲ್ಕು ತಿಂಗಳ ಬಳಕೆಯ ನಂತರದ ವಿಮರ್ಶೆ

ನನ್ನ ಅಕ್ಕನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗುವ ತಯಾರಿಗೆ ತೊಡಗಿದಾಗ, ಒಬ್ಬಳೇ ಓದಲು ಬೇಸರವೆಂದು ನನ್ನನ್ನೂ ಜೊತೆಗೆ ಕೂರಿಸಿಕೊಂಡಳು. ಹದಿನಾಲ್ಕು ತಿಂಗಳ ಕಾಲ ನಾವಿಬ್ಬರೂ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಜರ್ಮನ್ ಕಲಿತೆವು. ಅಷ್ಟರಲ್ಲಿ ಏಳೆಂಟು ಆ್ಯಪ್‌ಗಳು ನಮ್ಮ ಫೋನಿಗೆ ಬಂದು ಹೋದವು. ದಿನವೂ ಬಳಸುವಂಥವಾಗಿ ಉಳಿದದ್ದು ಎರಡು ಮಾತ್ರ. ಅಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಅದು ನಾಲ್ಕನೆಯದು. ನಮ್ಮ ಆಯ್ಕೆಯನ್ನು ಈ ಗುರಿಯೇ ನಿರ್ಧರಿಸಿತು. ಪ್ರವಾಸಕ್ಕೆಂದು ಹತ್ತು ಮಾತು ಕಲಿಯುವವರಿಗೆ ನನ್ನ ಅಭಿಪ್ರಾಯ ತುಸು ಬಿಗಿಯೆನಿಸಬಹುದು.

ಮೊದಲ ಏಳು ತಿಂಗಳು ಅವಳು ಒಂದೇ ಆ್ಯಪ್ಪನ್ನು ನೆಚ್ಚಿಕೊಂಡಿದ್ದಳು. ಅದರ ಹೆಸರು ಇಲ್ಲಿ ಬೇಡ. ಒಂದು ದಿನವೂ ತಪ್ಪದೆ ಇನ್ನೂರು ದಿನ ಪಾಠ ಮುಗಿಸಿದ್ದಕ್ಕೆ ಪರದೆಯ ಮೇಲೆ ಪದಕವೂ ಬಂದಿತ್ತು. ಆ ವಾರವೇ ನಾವು ಜರ್ಮನ್ ಭಾಷಾ ಪರೀಕ್ಷೆಗಳನ್ನು ನಡೆಸುವ ಗಯಟೆ ಸಂಸ್ಥೆಯ ಎ1 ಪರೀಕ್ಷೆಯ ಮಾತನಾಡುವ ಭಾಗವನ್ನು ಮನೆಯಲ್ಲಿ ಅಭ್ಯಾಸ ಮಾಡಿದೆವು. ಆ ಭಾಗದಲ್ಲಿ ಮೊದಲು ತನ್ನ ಪರಿಚಯ ಹೇಳಿಕೊಳ್ಳಬೇಕು, ಆಮೇಲೆ ಪದವಿರುವ ಚೀಟಿ ನೋಡಿ ಎದುರಿಗಿರುವವರಿಗೆ ಪ್ರಶ್ನೆ ಕೇಳಬೇಕು, ಕೊನೆಗೆ ಚಿತ್ರವಿರುವ ಚೀಟಿ ನೋಡಿ ಏನನ್ನಾದರೂ ವಿನಂತಿಸಿಕೊಳ್ಳಬೇಕು. ನಾನು ನೀರಿನ ಲೋಟದ ಚಿತ್ರ ಬರೆದು ಮೇಜಿನ ಮೇಲಿಟ್ಟೆ. ನೀರು, ಲೋಟ, ಕೊಡು, ದಯವಿಟ್ಟು, ಇವಕ್ಕೆಲ್ಲ ಜರ್ಮನ್ ಪದ ಅವಳಿಗೆ ಗೊತ್ತಿತ್ತು. ಪರದೆಯಲ್ಲಿ ಕಂಡರೆ ಕ್ಷಣದಲ್ಲಿ ಒತ್ತುತ್ತಿದ್ದಳು. ಆದರೆ ಚೀಟಿ ಹಿಡಿದು ಅರ್ಧ ನಿಮಿಷ ಕೂತರೂ ಬಾಯಿಂದ ವಾಕ್ಯ ಹೊರಡಲಿಲ್ಲ. "ಚಿಕ್ಕಮ್ಮ, ಪದಗಳು ಎದುರಿಗಿದ್ದರೆ ಜೋಡಿಸಬಲ್ಲೆ, ಖಾಲಿ ಜಾಗದಿಂದ ಬರುವುದಿಲ್ಲ" ಎಂದಳು. ಆ್ಯಪ್ ಆರಿಸುವುದಕ್ಕೆ ಅಂದಿನಿಂದ ನಮಗೆ ಸಿಕ್ಕಿದ ಅಳತೆಗೋಲು ಅದೇ: ಖಾಲಿ ಜಾಗದಿಂದ ಎಷ್ಟು ವಾಕ್ಯಗಳನ್ನು ಅದು ಹೊರಡಿಸುತ್ತದೆ?

ಈ ಅಳತೆಯಲ್ಲಿ ಆಟದ ರೂಪದ ಆ್ಯಪ್‌ಗಳು ಹಿಂದೆ ಬೀಳುತ್ತವೆ. 2012ರಲ್ಲಿ ಎಲ್ಲರಿಗೂ ತೆರೆದುಕೊಂಡ ಡ್ಯುಯೊಲಿಂಗೋ ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಜಾಹೀರಾತುಗಳನ್ನು ಸಹಿಸಿಕೊಂಡರೆ ಅದನ್ನು ಉಚಿತವಾಗಿಯೇ ಬಳಸಬಹುದು. ದಿನವೂ ಕೂರುವ ಅಭ್ಯಾಸವನ್ನು ಅದು ಬೆಳೆಸುತ್ತದೆ, ಮೊದಲ ಎರಡು ತಿಂಗಳ ಅಂಜಿಕೆಯನ್ನು ಕಳೆಯುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಅದರ ಹೆಚ್ಚಿನ ಅಭ್ಯಾಸಗಳು ಕೊಟ್ಟ ಪದಗಳನ್ನು ಸಾಲಾಗಿ ಜೋಡಿಸುವಂಥವು, ವ್ಯಾಕರಣದ ವಿವರಣೆ ಮಿತವಾದದ್ದು. ಗುರುತಿಸುವುದು ಬೇರೆ, ನೆನಪಿನಿಂದ ಹೊರಡಿಸುವುದು ಬೇರೆ. ದಿನಕ್ಕೆ ಹದಿನೈದು ನಿಮಿಷ ಅದಕ್ಕೆ ಕೊಟ್ಟು, ಉಳಿದ ಹೊತ್ತನ್ನು ಬೇರೆಡೆ ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ವಿಷಯವನ್ನು ಯಾವ ಆ್ಯಪ್ ಪರಿಚಯದಲ್ಲೂ ನಾನು ಓದಿಲ್ಲ. ನಾವು ಬಳಸಿದ ಎಲ್ಲ ಆ್ಯಪ್‌ಗಳೂ ಜರ್ಮನ್ನನ್ನು ಇಂಗ್ಲಿಷಿನ ಮೂಲಕವೇ ಕಲಿಸುತ್ತವೆ. ಇದರಿಂದ, ಕನ್ನಡದಲ್ಲಿ ಸಹಜವಾಗಿರುವ ಎಷ್ಟೋ ಸಂಗತಿಗಳು ಇಂಗ್ಲಿಷಿನಲ್ಲಿ ಇಲ್ಲವಾದ ಕಾರಣಕ್ಕೆ ನಮಗೂ ಕಠಿಣವೆಂಬಂತೆ ಕಾಣುತ್ತವೆ. ಜರ್ಮನ್ನಿನಲ್ಲಿ ನಾಲ್ಕು ವಿಭಕ್ತಿಗಳಿವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ರಥಮಾ, ದ್ವಿತೀಯಾ, ಚತುರ್ಥೀ ಮತ್ತು ಷಷ್ಠೀ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರಿಗೆ ಇದು ಹೆದರುವ ವಿಷಯವೇ ಅಲ್ಲ. ಚಳಿಯಾದಾಗ ಜರ್ಮನ್ನರು "ಮಿಯರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. 'ಮಿಯರ್' ಎಂದರೆ 'ನನಗೆ'. ನಾವೂ "ನನಗೆ ಚಳಿ" ಎಂದೇ ಹೇಳುವವರು. ಇಂಗ್ಲಿಷಿನಿಂದ ಹೊರಟವರು "ಇಖ್ ಬಿನ್ ಕಾಲ್ಟ್" ಎಂದುಬಿಡುತ್ತಾರೆ. ಅದು ತಾನು ಭಾವನೆಯಿಲ್ಲದ ತಣ್ಣನೆಯ ಮನುಷ್ಯ ಎಂಬ ಅರ್ಥ ಕೊಡುತ್ತದೆ. ರೋಗಿ ತಲೆನೋವೆಂದು ಹೇಳುವ "ಮಿಯರ್ ಟೂಟ್ ಡೆರ್ ಕೋಪ್ಫ್ ವೇ" ಎಂಬ ಮಾತೂ "ನನಗೆ ತಲೆ ನೋಯುತ್ತಿದೆ" ಎಂಬ ಅಚ್ಚಿನದೇ.

ಚತುರ್ಥೀ ವಿಭಕ್ತಿಯನ್ನು ಬಯಸುವ ಕ್ರಿಯಾಪದಗಳನ್ನು ಇಂಗ್ಲಿಷ್ ಪಾಠಗಳು ಒಂದು ಅಪವಾದಗಳ ಪಟ್ಟಿಯಾಗಿ ಕೊಟ್ಟು ಬಾಯಿಪಾಠ ಮಾಡಿಸುತ್ತವೆ: ಹೆಲ್ಫೆನ್, ಡಾಂಕೆನ್, ಆಂಟ್‌ವೋರ್ಟೆನ್, ಗೆಫಾಲೆನ್, ಗೆಹ್ಯೋರೆನ್. ಇವನ್ನು ಕನ್ನಡದಲ್ಲಿ ಹೇಳಿ ನೋಡಿ. ಅವರಿಗೆ ಸಹಾಯ ಮಾಡಿದೆ, ನಿಮಗೆ ಧನ್ಯವಾದ, ಅವನಿಗೆ ಉತ್ತರ ಕೊಟ್ಟೆ, ನನಗೆ ಇಷ್ಟ, ಇದು ನನಗೆ ಸೇರಿದ್ದು. ಐದರಲ್ಲೂ 'ಗೆ' ಪ್ರತ್ಯಯವೇ ಬಂದಿದೆ. ಇದು ಕಂಡ ರಾತ್ರಿ ನಾವಿಬ್ಬರೂ ಅಂಗಳಕ್ಕೆ ಎದ್ದು ಹೋಗಿ ನೆನಪಾದ ಕ್ರಿಯಾಪದಗಳನ್ನೆಲ್ಲ ಹೀಗೆ ಒರೆಗೆ ಹಚ್ಚಿ ನೋಡಿದೆವು. ಎಲ್ಲವೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ನಾವು "ಅವನಿಗೆ ಫೋನ್ ಮಾಡಿದೆ" ಎನ್ನುವ ಕಡೆ ಜರ್ಮನ್ ದ್ವಿತೀಯೆಯನ್ನು ಬಳಸುತ್ತದೆ. ಲಿಂಗದ ವಿಷಯದಲ್ಲಂತೂ ಕನ್ನಡ ನೆರವಿಗೆ ಬರುವುದಿಲ್ಲ. ಮಗು ಎರಡೂ ಕಡೆ ನಪುಂಸಕವೇ ಆದರೂ, ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ.

ಈ ಕಾರಣಕ್ಕೇ ನಾನು ಆಂಕಿಯನ್ನು ಎಲ್ಲಕ್ಕಿಂತ ಮೇಲಿಡುತ್ತೇನೆ. 2006ರಿಂದ ಇರುವ ಈ ತಂತ್ರಾಂಶ ಪಾಠ ಹೇಳುವುದಿಲ್ಲ. ನಾವು ಬರೆದಿಟ್ಟ ಕಾರ್ಡುಗಳನ್ನು ಮರೆತುಹೋಗುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದಿಡುತ್ತದೆ. ಕಲಿತದ್ದು ಕಾಲ ಕಳೆದಂತೆ ಹೇಗೆ ಅಳಿಯುತ್ತದೆಂದು 1885ರಲ್ಲೇ ಹೆರ್ಮಾನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಅವನೂ ಜರ್ಮನ್ನನೇ. ಆಂಕಿಯಲ್ಲಿ ಕಾರ್ಡಿನ ಎದುರಿಗೆ ಕನ್ನಡವನ್ನೇ ಬರೆಯಬಹುದೆಂಬುದು ನಮಗೆ ದೊಡ್ಡ ಅನುಕೂಲವಾಯಿತು. ಎದುರಿಗೆ "ಇದು ನನಗೆ ಸೇರಿದ್ದು", ಹಿಂದೆ "ಡಾಸ್ ಗೆಹ್ಯೋರ್ಟ್ ಮಿಯರ್". ಇಂಗ್ಲಿಷ್ ನಡುವೆ ಬರುವುದೇ ಇಲ್ಲ. ಒಂಟಿ ಪದದ ಬದಲು ಪುಟ್ಟ ವಾಕ್ಯವನ್ನೇ ಬರೆಯಬೇಕು, ನಾಮಪದವನ್ನು ಅದರ ಲಿಂಗ ತೋರಿಸುವ ಡೆರ್, ಡೀ, ಡಾಸ್ ಸಹಿತವೇ ಬರೆಯಬೇಕು, ಉತ್ತರವನ್ನು ಜೋರಾಗಿ ಹೇಳಿದ ಮೇಲೆಯೇ ಕಾರ್ಡು ತಿರುಗಿಸಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಆಂಕಿಡ್ರಾಯ್ಡ್ ಎಂಬ ಹೆಸರಿನಲ್ಲಿ ಇದು ಉಚಿತ, ಕಂಪ್ಯೂಟರಿನಲ್ಲೂ ಉಚಿತ. ಐಫೋನಿನಲ್ಲಿ ಮಾತ್ರ ಒಮ್ಮೆ ಹಣ ಕೊಟ್ಟು ಕೊಳ್ಳಬೇಕು. ನೋಡಲು ಆಕರ್ಷಕವಲ್ಲ, ಮೊದಲ ವಾರ ಅದರ ಸೆಟ್ಟಿಂಗ್‌ಗಳು ಗೊಂದಲ ಹುಟ್ಟಿಸುತ್ತವೆ. ಎರಡು ದಿನ ಬಿಟ್ಟರೆ ಕಾರ್ಡುಗಳು ಗುಡ್ಡೆಯಾಗುತ್ತವೆ. ಹೊಸ ಕಾರ್ಡುಗಳನ್ನು ದಿನಕ್ಕೆ ಹತ್ತಕ್ಕೆ ಮಿತಿಗೊಳಿಸುವುದೇ ಇದಕ್ಕೆ ಉಪಾಯ.

ಕೇಳುವ ಅಭ್ಯಾಸಕ್ಕೆ ನಮ್ಮ ಬಳಿ ಉಳಿದದ್ದು ಡಾಯ್ಚ ವೆಲೆ. ಇದು ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ. ಅದರ 'ನಿಕೋಸ್ ವೇಗ್' ಎಂಬ ವಿಡಿಯೊ ಪಾಠಮಾಲೆ ಎ1ರಿಂದ ಬಿ1ರವರೆಗೆ ಸಾಗುತ್ತದೆ, ಪೂರ್ಣ ಉಚಿತ. ಸ್ಪೇನಿನಿಂದ ಬಂದ ನಿಕೋ ಎಂಬ ಯುವಕ ಬಂದಿಳಿದ ದಿನವೇ ಬ್ಯಾಗ್ ಕಳೆದುಕೊಂಡು, ಪರಿಚಯವಿಲ್ಲದವರ ನೆರವಿನಿಂದ ಹೊಸ ಊರಿನಲ್ಲಿ ನೆಲೆ ಕಂಡುಕೊಳ್ಳುವ ಕಥೆಯದು. ಮುಂದೆ ತಾನೂ ಹಾಗೆಯೇ ಹೋಗಿ ಇಳಿಯಬೇಕಾದವಳಿಗೆ ಆ ಕಥೆ ಬೇಗ ಒಗ್ಗಿತು. ಪ್ರತಿ ಪಾಠವನ್ನು ಮೊದಲು ಅಡಿಬರಹವಿಲ್ಲದೆ, ನಂತರ ಜರ್ಮನ್ ಅಡಿಬರಹದೊಡನೆ, ಮೂರನೆಯ ಸಲ ಪಾತ್ರಗಳ ಜೊತೆಗೇ ಮಾತು ಹೇಳುತ್ತ ನೋಡಿದರೆ ಕಿವಿಯೂ ನಾಲಿಗೆಯೂ ಒಟ್ಟಿಗೆ ಪಳಗುತ್ತವೆ.

ಬಳಸಿ ಬಿಟ್ಟ ಆ್ಯಪ್‌ಗಳ ಪೈಕಿ ಬುಸೂನಲ್ಲಿ ನಾವು ಬರೆದದ್ದನ್ನು ಜರ್ಮನ್ ಮಾತೃಭಾಷೆಯವರು ತಿದ್ದಿ ಕಳಿಸುವ ಏರ್ಪಾಡಿದೆ. ಎ1 ಪರೀಕ್ಷೆಯ ಪತ್ರ ಬರೆಯುವ ಭಾಗಕ್ಕೆ ಅದು ಉಪಯುಕ್ತ. ಪಿಮ್ಸ್ಲರ್ ಪಾಠಗಳು ಸುಮಾರು ಅರ್ಧ ಗಂಟೆಯ ಧ್ವನಿಪಾಠಗಳು, ಕೇಳಿ ಉತ್ತರ ಹೇಳುವಂಥವು. ಉಚ್ಚಾರಣೆಗೆ ಒಳ್ಳೆಯವು, ಓದು ಬರಹಕ್ಕೆ ಸಾಲವು.

ಹಣದ ಬಗ್ಗೆ ಒಂದು ಎಚ್ಚರಿಕೆ. ಏಳು ದಿನ ಉಚಿತವೆಂದು ಒಂದು ಆ್ಯಪ್ಪಿಗೆ ನನ್ನ ಕಾರ್ಡಿನ ವಿವರ ಕೊಟ್ಟಿದ್ದೆ. ಮೂರನೆಯ ದಿನವೇ ಆ್ಯಪ್ಪನ್ನು ಫೋನಿನಿಂದ ಅಳಿಸಿದೆ. ಆದರೂ ಎಂಟನೆಯ ದಿನ ಇಡೀ ವರ್ಷದ ಚಂದಾ ಕಡಿತವಾಯಿತು, ವಾಪಸ್ ಬರಲಿಲ್ಲ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಖಾತೆಯ ಚಂದಾ ವಿಭಾಗಕ್ಕೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಸ್ವಯಂಚಾಲಿತ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು. ನನಗೂ ಬ್ಯಾಂಕಿನ ಸಂದೇಶ ಬಂದಿತ್ತು, ಜಾಹೀರಾತೆಂದು ತಿಳಿದು ಓದದೆ ಬಿಟ್ಟಿದ್ದೆ. ಒಂದು ತಿಂಗಳ ಚಂದಾ ಕಟ್ಟಿ ಬಳಸಿ ನೋಡದೆ ವರ್ಷದ ಚಂದಾ ಕಟ್ಟುವುದು ಸರಿಯಲ್ಲ.

ಎ1ರಲ್ಲಿ ಉತ್ತೀರ್ಣರಾಗಲು ನೂರಕ್ಕೆ 60 ಅಂಕ ಬೇಕು. ಆಂಕಿ ಮತ್ತು ಡಾಯ್ಚ ವೆಲೆಗಳ ಬಲದಿಂದಲೇ ಅವಳು ಅದನ್ನು ದಾಟಿದಳು, ಮಾತನಾಡುವ ಭಾಗದಲ್ಲೇ ಹೆಚ್ಚು ಅಂಕ ಬಂತು. ಎ2 ಮುಗಿಯುವವರೆಗೂ ಈ ಜೋಡಿ ಸಾಕೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಬಿ1ರ ನಂತರ ಮಾತ್ರ ತರಗತಿಯೇ ಬೇಕು. ರೋಗಿಯ ಸ್ಥಿತಿಯನ್ನು ಮುಂದಿನ ಪಾಳಿಯವರಿಗೆ ವಿವರಿಸುವುದು, ಮನೆಯವರ ಆತಂಕಕ್ಕೆ ತಕ್ಕ ಉತ್ತರ ಕೊಡುವುದು, ವೈದ್ಯರ ಮಾತು ಅರ್ಥವಾಗದಿದ್ದಾಗ ಸಂಕೋಚವಿಲ್ಲದೆ ಮತ್ತೆ ಕೇಳುವುದು, ಇವನ್ನು ಎದುರಿಗೆ ಕೂತು ತಿದ್ದುವ ಶಿಕ್ಷಕರಿಲ್ಲದೆ ಕಲಿಯಲಾಗದು. ಅವಳು ಈಗ ವಾರಕ್ಕೆ ಮೂರು ದಿನ ಅಂಥ ತರಗತಿಗೆ ಹೋಗುತ್ತಿದ್ದಾಳೆ. ಅಲ್ಲಿ ಕಲಿತ ವಾಕ್ಯಗಳನ್ನು ಬಸ್ಸಿನಲ್ಲಿ ಮರಳುವಾಗಲೇ ಆಂಕಿಗೆ ಸೇರಿಸುತ್ತಾಳೆ, ಎದುರಿಗೆ ಕನ್ನಡದಲ್ಲೇ ಬರೆದು.