ಠಸ್ಸೆ ಬಿದ್ದ 90 ಸೆಂಟಿನ ವಾಷಿಂಗ್ಟನ್ ಕೊಳ್ಳುವ ಮುನ್ನ

ಅಮೆರಿಕದ ಹಳೆಯ ಅಂಚೆಚೀಟಿಗಳನ್ನು ಹರಾಜಿನಲ್ಲಿ ಕೊಳ್ಳುವವರು, ಅದರಲ್ಲೂ 1860ರ 90 ಸೆಂಟಿನ ನೀಲಿ ವಾಷಿಂಗ್ಟನ್ ಮೇಲೆ ಕಣ್ಣಿಟ್ಟವರು, ಬಿಡ್ ಹಾಕುವ ಮೊದಲು ಇದನ್ನು ಓದಿ.

ಸಾಮಾನ್ಯವಾಗಿ ಬಳಸದೆ ಉಳಿದ ಚೀಟಿಗೆ ಬೆಲೆ ಹೆಚ್ಚು, ಠಸ್ಸೆ ಬಿದ್ದದ್ದಕ್ಕೆ ಕಡಿಮೆ. ಈ ಚೀಟಿಯಲ್ಲಿ ಲೆಕ್ಕ ತಿರುಗುಮುರುಗು. ಅದು ಹೊರಬಂದದ್ದು 1860ರ ಆಗಸ್ಟಿನಲ್ಲಿ. ಮರುವರ್ಷವೇ ಅಂತರ್ಯುದ್ಧ. ದಕ್ಷಿಣದ ಅಂಚೆ ಕಚೇರಿಗಳಲ್ಲಿದ್ದ ದಾಸ್ತಾನು ಬಂಡಾಯಗಾರರಿಗೆ ಹಣವಾಗಬಾರದೆಂದು ಸರ್ಕಾರ ಚಲಾವಣೆಯಲ್ಲಿದ್ದ ಚೀಟಿಗಳನ್ನು ಅಮಾನ್ಯ ಮಾಡಿತು. 90 ಸೆಂಟ್ ಎಂದರೆ ಆಗ ದೊಡ್ಡ ಮೊತ್ತ. ಹೊರದೇಶಕ್ಕೆ ಹೋಗುವ ಭಾರದ ಲಕೋಟೆಗಳಂಥವಕ್ಕೇ ಬೇಕಾಗುತ್ತಿತ್ತು. ಹಾಗಾಗಿ ಆ ಅಲ್ಪಾಯುಸ್ಸಿನಲ್ಲಿ ನಿಜವಾಗಿ ಬಳಕೆಯಾದವು ತೀರಾ ವಿರಳ. ಹಿಂಬದಿಯ ಅಂಟು ಹೋದ, ಬಳಸದ ಚೀಟಿಗಿಂತ ಅಸಲಿ ಠಸ್ಸೆಯದಕ್ಕೆ ಇಂದು ಹಲವು ಪಟ್ಟು ಬೆಲೆ. ಮೋಸಗಾರರಿಗೆ ಇನ್ನೇನು ಬೇಕು? ಕಾಗದ ಅಸಲಿ, ಬಣ್ಣ ಅಸಲಿ, ಅಂಚಿನ ಹಲ್ಲುಗಳೂ ಅಸಲಿ. ಖೋಟಾ ಇರುವುದು ಮೇಲೊತ್ತಿದ ಮಸಿ ಮಾತ್ರ.

ನನ್ನ ಕೈಗೆ ಬಂದದ್ದು ಅಂಥದ್ದೇ. ಚೀಟಿ, ಠಸ್ಸೆ ಎರಡೂ ಅಸಲಿ ಎಂದು ಹೊರಗಿನ ಪರಿಣತರು ಕೊಡುವ ಪ್ರಮಾಣಪತ್ರವಿಲ್ಲವೇ ಎಂದು ಹರಾಜಿಗೆ ಮೊದಲೇ ಹರಾಜು ಸಂಸ್ಥೆಗೆ ಬರೆದು ಕೇಳಿದ್ದೆ. "ನಮ್ಮ ಪರಿಣತರೇ ನೋಡಿದ್ದಾರೆ, ಠಸ್ಸೆ ಆ ಕಾಲದ್ದೇ" ಎಂಬ ಉತ್ತರ ಬಂತು. ಚೀಟಿ ತಲುಪಿದ ಮೇಲೆ ಭೂತಗನ್ನಡಿ ಹಿಡಿದೆ. ಬಲಗಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹರಿದಿತ್ತು. ಕಪ್ಪು ಮಸಿ ಆ ಹರಿದ ಗೆರೆಯೊಳಗೆ ಇಳಿದು ಕಾಗದದ ನಾರಿಗೆ ಹಬ್ಬಿತ್ತು. ಅಂದರೆ ಮೊದಲು ಹರಿದದ್ದು, ಆಮೇಲೆ ಠಸ್ಸೆ. ಹಳೆಯ ಹರಾಜು ಪಟ್ಟಿಗಳನ್ನು ತಿರುವಿದಾಗ ಇದೇ ಚೀಟಿ ಸಿಕ್ಕಿತು: ಎಡಗಡೆ ಕೆಳಗೆ ಅದೇ ಮೊಂಡು ಹಲ್ಲು, ಬಲಕ್ಕೆ ಅದೇ ಸೀಳು, ಆದರೆ ಮುಖದ ಮೇಲೆ ಒಂದು ಚುಕ್ಕೆ ಮಸಿಯೂ ಇಲ್ಲ!

ಅಂಚೆಚೀಟಿಗಳ ಅಸಲಿತನ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ಗೆ ಕಳಿಸಿದೆ. ಅಲ್ಲಿಂದಲೂ ಠಸ್ಸೆ ಖೋಟಾ ಎಂದೇ ಬಂತು. ಹರಾಜು ಸಂಸ್ಥೆ ಮಾತ್ರ ಜಗ್ಗಲಿಲ್ಲ. ವಾಪಸಿನ ಗಡುವು ಮುಗಿದಿದೆಯಂತೆ. ಪರಿಶೀಲನೆಗೆ ವಾರಗಟ್ಟಲೆ ಹಿಡಿಯುತ್ತದೆಂದು ಗೊತ್ತಿದ್ದೇ ಅಷ್ಟು ಚಿಕ್ಕ ಗಡುವು ಇಟ್ಟವರು ಇವರು. ಬಿಡ್ಡಿನ ಮೇಲೆ ಖರೀದಿದಾರನಿಂದ ಕೀಳುವ ಕಮಿಷನ್ ಕೂಡ ಹಿಂದಿರುಗಲಿಲ್ಲ.

ಪ್ರಮಾಣಪತ್ರ ಬರುವವರೆಗೆ ಗಡುವು ವಿಸ್ತರಿಸುವ ಏರ್ಪಾಡು ಹಲವು ಹರಾಜು ಸಂಸ್ಥೆಗಳಲ್ಲಿದೆ. ಅದನ್ನು ಬಿಡ್ ಹಾಕುವ ಮೊದಲೇ ಬರಹದಲ್ಲಿ ಪಡೆಯಬೇಕು. ಸುತ್ತಿಗೆ ಬಿದ್ದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಪ್ರಮಾಣಪತ್ರ ಜೊತೆಗೇ ಬಂದರೂ ಅದರಲ್ಲಿರುವ ಚಿತ್ರವನ್ನು ಕೈಯಲ್ಲಿರುವ ಚೀಟಿಯೊಂದಿಗೆ ಹಲ್ಲು ಹಲ್ಲಿಗೂ ಹೋಲಿಸಿ ನೋಡಿ. ಬೇರೆ ಚೀಟಿಯ ಪತ್ರವನ್ನು ಇದಕ್ಕೆ ಲಗತ್ತಿಸುವವರೂ ಇದ್ದಾರೆ.